ಒಂದೇ ಗ್ರಂಥ, ಹಲವು ಓದು

ಕಾವಿಗೆ ಕುಳಿತ ಕೋಳಿಯನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರು ವಿರಳ. ಬುಟ್ಟಿಯಲ್ಲಿ ಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು, ಅವುಗಳ ಮೇಲೆ ಕೋಳಿಯನ್ನು ಕೂರಿಸುತ್ತಾರೆ. ಸುಮಾರು 21 ದಿನಗಳು ಕಳೆಯುವ ವೇಳೆಗೆ ಚಿಪ್ಪನ್ನು ಒಡೆದುಕೊಂಡು ಮರಿಗಳು ಹೊರಬರುತ್ತವೆ. ಈ ದೃಶ್ಯ ನಮಗೆ ಎಷ್ಟು ಪರಿಚಿತವೆಂದರೆ, ಅದರಲ್ಲಿ ಅಡಗಿರುವ ವಿಸ್ಮಯ ನಮ್ಮ ಗಮನಕ್ಕೇ ಬಾರದು. ಕಾವಿಗಿಟ್ಟ ದಿನ ಮೊಟ್ಟೆಯೊಳಗೆ ಇದ್ದುದು ಬಿಳಿಯ ಲೋಳೆ, ಹಳದಿಯ ಉಂಡೆ, ಆ ಹಳದಿಯ ಮೇಲೆ ಮಸುಕಾದ ಒಂದು ಪುಟ್ಟ ಚುಕ್ಕೆ, ಅಷ್ಟೆ. ಮೂರು ವಾರಗಳ ಬಳಿಕ ಹೊರಬಂದ ಜೀವಕ್ಕೆ ನೋಡುವ ಕಣ್ಣುಂಟು, ಕಾಳು ಹೆಕ್ಕುವ ಕೊಕ್ಕುಂಟು, ನಡೆಯುವ ಕಾಲುಂಟು, ಮಿಡಿಯುವ ಹೃದಯವುಂಟು. ಇವೆಲ್ಲ ಎಲ್ಲಿದ್ದವು? ಎಲ್ಲಿಂದ ಬಂದವು?

ಈ ಪ್ರಶ್ನೆ ಬಹು ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ಕಾವಿನ ಮೊಟ್ಟೆಗಳ ಒಳಗನ್ನು ಪರೀಕ್ಷಿಸಿ, ಮೂರು ದಿನಗಳು ಕಳೆದ ಮೇಲೆ ಹೃದಯವು ರಕ್ತದ ಚುಕ್ಕೆಯಂತೆ ಕಾಣಿಸಿಕೊಂಡು ಮಿಡಿಯುವುದನ್ನು ಬರೆದಿಟ್ಟಿದ್ದಾನೆ. 17ನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ಬಳಕೆಗೆ ಬಂದಾಗ ಪಂಡಿತರಲ್ಲಿ ಹಲವರು, ಪ್ರಾಣಿಯ ಪೂರ್ಣ ರೂಪವೇ ಅತಿ ಕಿರಿದಾಗಿ ಬೀಜದಲ್ಲಿ ಅಡಗಿರುತ್ತದೆ, ಬೆಳವಣಿಗೆಯೆಂದರೆ ಅದು ಹಿಗ್ಗುವುದಷ್ಟೇ ಎಂದು ವಾದಿಸಿದರು. ಆದರೆ 1759ರಲ್ಲಿ ಜರ್ಮನಿಯ ಕ್ಯಾಸ್ಪರ್ ಫ್ರೀಡ್ರಿಶ್ ವೋಲ್ಫ್ ಎಂಬ ವಿಜ್ಞಾನಿಯು ಕೋಳಿಯ ಭ್ರೂಣವನ್ನು ಪರಿಶೀಲಿಸಿ, ಅಂಗಗಳು ಮೊದಲೇ ಸಿದ್ಧವಾಗಿ ಇರುವುದಿಲ್ಲ, ರೂಪವಿಲ್ಲದ ದ್ರವ್ಯದಿಂದ ಒಂದೊಂದಾಗಿ ಮೂಡುತ್ತವೆ ಎಂದು ಪ್ರತಿಪಾದಿಸಿದನು. ಅವನ ಮಾತು ನಿಜವೆಂದು ಕಾಲಕ್ರಮದಲ್ಲಿ ಸಿದ್ಧವಾಯಿತು. ಆದರೆ ಅವು ಮೂಡುವುದು ಹೇಗೆ ಎಂಬುದು ಇನ್ನೂ ಇನ್ನೂರು ವರ್ಷಗಳ ಕಾಲ ಒಗಟಾಗಿಯೇ ಉಳಿಯಿತು.

ಕೋಳಿಯಾಗಲಿ, ಕಪ್ಪೆಯಾಗಲಿ, ಮನುಷ್ಯನಾಗಲಿ, ಪ್ರತಿಯೊಂದು ಜೀವವೂ ತನ್ನ ಬಾಳನ್ನು ಒಂದೇ ಒಂದು ಜೀವಕೋಶವಾಗಿ ಆರಂಭಿಸುತ್ತದೆ. ತಾಯಿಯ ಅಂಡಾಣು ಮತ್ತು ತಂದೆಯ ವೀರ್ಯಾಣು ಕೂಡಿ ಉಂಟಾಗುವ ಈ ಕೋಶವು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಹೀಗೆ ಹೆಚ್ಚುತ್ತ ಹೋಗುವ ಕೋಶಗಳ ಮುದ್ದೆಗೆ ಭ್ರೂಣವೆಂದು ಹೆಸರು. ಮೊದಮೊದಲು ಈ ಕೋಶಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಬಳಿಕ ಕೆಲವು ನರಗಳಾಗುತ್ತವೆ, ಕೆಲವು ಸ್ನಾಯುಗಳಾಗುತ್ತವೆ, ಕೆಲವು ಚರ್ಮವಾಗುತ್ತವೆ, ಕೆಲವು ರಕ್ತವಾಗುತ್ತವೆ. ಒಂದೇ ತಾಯಿಯ ಮಕ್ಕಳಾದ ಈ ಕೋಶಗಳಿಗೆ ಇಷ್ಟು ಭಿನ್ನವಾದ ಗುಣ ಬಂದುದಾದರೂ ಹೇಗೆ?

ಇದಕ್ಕೆ ಜರ್ಮನಿಯ ಆಗಸ್ಟ್ ವೈಸ್‌ಮನ್ ಎಂಬ ಪ್ರಾಣಿವಿಜ್ಞಾನಿ 19ನೆಯ ಶತಮಾನದ ಕೊನೆಯಲ್ಲಿ ಒಂದು ಉತ್ತರವನ್ನು ಸೂಚಿಸಿದನು. ಅವಿಭಕ್ತ ಕುಟುಂಬದ ಆಸ್ತಿ ಮಕ್ಕಳಲ್ಲಿ ಪಾಲಾಗುವಂತೆ, ಮೊದಲ ಕೋಶದಲ್ಲಿದ್ದ ಆನುವಂಶಿಕ ದ್ರವ್ಯವು ಕೋಶಗಳು ಒಡೆದಂತೆಲ್ಲ ಪಾಲಾಗುತ್ತ ಹೋಗುತ್ತದೆ. ಕಣ್ಣಿನ ಪಾಲು ಸಿಕ್ಕಿದ ಕೋಶ ಕಣ್ಣಾಗುತ್ತದೆ, ಮೂಳೆಯ ಪಾಲು ಸಿಕ್ಕಿದ್ದು ಮೂಳೆಯಾಗುತ್ತದೆ ಎಂಬುದು ಅವನ ಊಹೆ. ಕೇಳಲು ಇದು ಬಹಳ ಸಮಂಜಸವಾಗಿದೆ. ಆದರೆ ವಿಜ್ಞಾನದಲ್ಲಿ ಊಹೆ ಎಷ್ಟು ಸೊಗಸಾಗಿದ್ದರೂ ಪ್ರಯೋಗದ ಒರೆಗಲ್ಲಿಗೆ ಉಜ್ಜಿ ನೋಡದೆ ಅದನ್ನು ಒಪ್ಪುವಂತಿಲ್ಲ. 1891ರಲ್ಲಿ ಹಾನ್ಸ್ ಡ್ರೀಶ್ ಎಂಬ ತರುಣ ವಿಜ್ಞಾನಿ, ಮೈಯೆಲ್ಲ ಮುಳ್ಳುಗಳಿರುವ ‘ಸೀ ಅರ್ಚಿನ್’ ಎಂಬ ಕಡಲಜೀವಿಯ ಎರಡು ಕೋಶಗಳ ಭ್ರೂಣವನ್ನು ತೆಗೆದುಕೊಂಡು, ನೀರಿನಲ್ಲಿ ಬಲವಾಗಿ ಅಲುಗಾಡಿಸಿ, ಆ ಎರಡು ಕೋಶಗಳನ್ನು ಬೇರ್ಪಡಿಸಿದನು. ವೈಸ್‌ಮನ್ನನ ಊಹೆಯಂತೆ ಒಂದೊಂದು ಕೋಶವೂ ಅರ್ಧ ಮರಿಯಾಗಬೇಕಿತ್ತು. ಹಾಗಾಗಲಿಲ್ಲ. ಗಾತ್ರದಲ್ಲಿ ಕಿರಿದಾದರೂ ಅಂಗಾಂಗಗಳೆಲ್ಲ ಪೂರ್ಣವಾಗಿದ್ದ ಎರಡು ಮರಿಗಳು ಬೆಳೆದವು! ಆಸ್ತಿ ಪಾಲಾಗಿರಲಿಲ್ಲ, ಇಬ್ಬರಿಗೂ ಇಡಿಯಾಗಿಯೇ ದೊರೆತಿತ್ತು.

ಆ ಆಸ್ತಿ ಯಾವುದೆಂಬುದು ಇಂದು ನಮಗೆ ತಿಳಿದಿದೆ. ಕೋಶದ ನಡುವಿನ ಕೋಶಕೇಂದ್ರದಲ್ಲಿ ಡಿ.ಎನ್.ಎ. ಎಂಬ ಎಳೆಯಾಕಾರದ ವಸ್ತುವಿದೆ. ನಾಲ್ಕು ಬಗೆಯ ರಾಸಾಯನಿಕ ಘಟಕಗಳು ಅದರಲ್ಲಿ ಅಕ್ಷರಗಳಂತೆ ಸಾಲಾಗಿ ಜೋಡಣೆಗೊಂಡಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ನಮಗೆ ಬರುತ್ತವೆ. ಮನುಷ್ಯನಲ್ಲಿ ಒಂದೊಂದು ಪ್ರತಿಯಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿವೆ. ಈ ಬರಹದಲ್ಲಿ ಅಲ್ಲಲ್ಲಿ ಇರುವ, ಒಂದೊಂದು ಪ್ರೋಟೀನನ್ನು ತಯಾರಿಸುವ ವಿಧಾನವನ್ನು ತಿಳಿಸುವ ಭಾಗಗಳಿಗೆ ವಂಶವಾಹಿಗಳೆಂದು ಹೆಸರು. ಮನುಷ್ಯನಲ್ಲಿ ಇಂಥ ವಂಶವಾಹಿಗಳು ಸುಮಾರು 20,000 ಇವೆ. ಕೋಶ ಒಡೆಯುವ ಮುನ್ನ ಈ ಬರಹವೆಲ್ಲ ಇಮ್ಮಡಿಯಾಗಿ, ಎರಡು ಮರಿಕೋಶಗಳಿಗೂ ಸಮಗ್ರವಾಗಿ ಸೇರುತ್ತದೆ.

ನಮ್ಮ ನಾಡಿನ ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಇರಿಸಿರುವ ಓಲೆಗರಿಯ ಗ್ರಂಥಗಳನ್ನು ಇಲ್ಲಿ ನೆನೆಯಬಹುದು. ನೂರಾರು ಗರಿಗಳನ್ನು ದಾರದಿಂದ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು, ಬಿಗಿಯಾಗಿ ಕಟ್ಟಿರುತ್ತಾರೆ. ಕಟ್ಟು ಬಿಚ್ಚದೆ ಓದುವಂತಿಲ್ಲ. ಕೋಶದ ಡಿ.ಎನ್.ಎ. ಕೂಡ ಹೀಗೆಯೇ ಬಿಗಿಯಾಗಿ ಸುತ್ತಿಟ್ಟ ಗ್ರಂಥ. ಮನುಷ್ಯನ ಒಂದು ಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನು ಬಿಡಿಸಿ ಒಂದರ ತುದಿಗೊಂದು ಸೇರಿಸಿದರೆ ಅವುಗಳ ಒಟ್ಟು ಉದ್ದ ಸುಮಾರು ಎರಡು ಮೀಟರುಗಳಾದೀತು! ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದೊಳಗೆ ಅಷ್ಟುದ್ದದ ಬರಹ ಅಡಕವಾಗಿದೆ.

ಹಾಗಾದರೆ ಮೊದಲಿನ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಕಣ್ಣಿನ ಕೋಶದಲ್ಲಿಯೂ ಅದೇ ಗ್ರಂಥ, ಕರುಳಿನ ಕೋಶದಲ್ಲಿಯೂ ಅದೇ ಗ್ರಂಥ. ಆದರೂ ಒಂದು ಕಣ್ಣು, ಇನ್ನೊಂದು ಕರುಳು. ಬಹುಶಃ ಕೋಶವು ಒಂದು ಕೆಲಸಕ್ಕೆ ನಿಂತ ಮೇಲೆ, ತನಗೆ ಬೇಡವಾದ ಗರಿಗಳನ್ನು ಹರಿದೆಸೆಯುತ್ತದೆಯೋ ಏನೋ ಎಂಬ ಸಂದೇಹ ವಿಜ್ಞಾನಿಗಳಲ್ಲಿ 20ನೆಯ ಶತಮಾನದ ನಡುಗಾಲದವರೆಗೂ ಉಳಿದಿತ್ತು.

ಈ ಸಂದೇಹವನ್ನು ನೀಗಿದವರು ಇಂಗ್ಲೆಂಡಿನ ಜಾನ್ ಗರ್ಡನ್. ಅವರ ಬಾಲ್ಯದ ಒಂದು ಸಂಗತಿ ವಿದ್ಯಾರ್ಥಿಗಳಾದವರು ತಿಳಿಯತಕ್ಕದ್ದು. 1949ರಲ್ಲಿ, ಅವರು ಶಾಲೆಯಲ್ಲಿದ್ದಾಗ, ಜೀವವಿಜ್ಞಾನದಲ್ಲಿ ತಮ್ಮ ತರಗತಿಗಳ 250 ವಿದ್ಯಾರ್ಥಿಗಳ ಪೈಕಿ ಕೊನೆಯವರಾಗಿದ್ದರು. ಈ ಹುಡುಗ ವಿಜ್ಞಾನಿಯಾಗಬೇಕೆಂದು ಯೋಚಿಸುವುದೇ ಹಾಸ್ಯಾಸ್ಪದ ಎಂಬ ಅರ್ಥದಲ್ಲಿ ಅವರ ಉಪಾಧ್ಯಾಯರು ಪ್ರಗತಿಪತ್ರದಲ್ಲಿ ಬರೆದಿದ್ದರು. ಗರ್ಡನ್ ಆ ಪತ್ರಕ್ಕೆ ಕಟ್ಟು ಹಾಕಿಸಿ, ಮುಂದೆ ತಮ್ಮ ಕೊಠಡಿಯಲ್ಲಿ ಇರಿಸಿಕೊಂಡಿದ್ದರು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗರ್ಡನ್ ಕೈಗೊಂಡ ಪ್ರಯೋಗ ಹೀಗಿತ್ತು. ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೊಟ್ಟೆಯನ್ನು ತೆಗೆದುಕೊಂಡು, ಅದರ ಕೋಶಕೇಂದ್ರವನ್ನು ಅತಿನೇರಳೆ ಕಿರಣಗಳಿಂದ ನಾಶಪಡಿಸಿದರು. ಅದರ ಸ್ಥಾನದಲ್ಲಿ, ಗೊದಮೊಟ್ಟೆಯ ಕರುಳಿನ ಕೋಶವೊಂದರಿಂದ ತೆಗೆದ ಕೋಶಕೇಂದ್ರವನ್ನು ಸೂಕ್ಷ್ಮವಾದ ನಳಿಕೆಯಿಂದ ಇರಿಸಿದರು. ಕರುಳಿನ ಕೋಶವು ಬೇರೆ ಗರಿಗಳನ್ನು ಹರಿದು ಬಿಸುಟಿದ್ದರೆ ಈ ಮೊಟ್ಟೆ ಬೆಳೆಯಕೂಡದು. ಅನೇಕ ಮೊಟ್ಟೆಗಳು ಬೆಳೆಯಲೂ ಇಲ್ಲ. ಆದರೆ ನೂರಕ್ಕೆ ಒಂದೆರಡು ಮೊಟ್ಟೆಗಳಿಂದ ಕಣ್ಣು, ಬಾಲ, ಮಿದುಳು, ಹೃದಯಗಳುಳ್ಳ ಸಹಜವಾದ ಗೊದಮೊಟ್ಟೆಗಳು ಹುಟ್ಟಿದವು. 1962ರಲ್ಲಿ ಗರ್ಡನ್ ಈ ಫಲಿತಾಂಶವನ್ನು ಪ್ರಕಟಿಸಿದರು. ಕೆಲವು ವರ್ಷಗಳ ಅನಂತರ ಇಂಥ ಮೊಟ್ಟೆಗಳಿಂದ ಪೂರ್ಣ ಬೆಳೆದ ಕಪ್ಪೆಗಳನ್ನೂ ಅವರು ಪಡೆದರು. ಕರುಳಿನ ಕೋಶದಲ್ಲಿ ಕಣ್ಣಿನ ಗರಿಯೂ ಮಿದುಳಿನ ಗರಿಯೂ ಭದ್ರವಾಗಿ ಇದ್ದುವು. ಅವನ್ನು ಓದುತ್ತಿರಲಿಲ್ಲ, ಅಷ್ಟೆ. ಮೊಟ್ಟೆಯೊಳಗಿನ ಯಾವುದೋ ವಸ್ತುವಿಗೆ, ಮುಚ್ಚಿಟ್ಟ ಗರಿಗಳನ್ನು ಮತ್ತೆ ತೆರೆದು ಓದಿಸುವ ಶಕ್ತಿಯಿತ್ತು.

ಕೋಶಗಳಲ್ಲಿರುವ ವ್ಯತ್ಯಾಸವು ಗ್ರಂಥದ ವ್ಯತ್ಯಾಸವಲ್ಲ, ಓದಿನ ವ್ಯತ್ಯಾಸ ಎಂಬುದು ಇದರಿಂದ ಖಚಿತವಾಯಿತು. ಇನ್ನು, ಓದುವುದೆಂದರೇನು, ಓದಿಸುವವರು ಯಾರು ಎಂಬುದನ್ನು ನೋಡೋಣ.

ಮಠದ ಭಂಡಾರದಲ್ಲಿರುವ ಮೂಲಗ್ರಂಥವನ್ನು ಹೊರಗೆ ಕೊಡುವುದಿಲ್ಲ. ಬೇಕಾದ ಭಾಗವನ್ನು ಲಿಪಿಕಾರನಿಂದ ನಕಲು ಮಾಡಿಸಿಕೊಂಡು ಒಯ್ಯಬೇಕು. ಜೀವಕೋಶದ ರೂಢಿಯೂ ಇದೇ. ಡಿ.ಎನ್.ಎ. ಕೋಶಕೇಂದ್ರವನ್ನು ಬಿಟ್ಟು ಕದಲುವುದಿಲ್ಲ. ಬೇಕಾದ ವಂಶವಾಹಿಯ ನಕಲನ್ನು ಆರ್.ಎನ್.ಎ. ಎಂಬ ವಸ್ತುವಿನ ರೂಪದಲ್ಲಿ ತೆಗೆಯಲಾಗುತ್ತದೆ. ಈ ನಕಲು ಕೋಶಕೇಂದ್ರದಿಂದ ಹೊರಗೆ ಬಂದು, ಅದರಲ್ಲಿರುವ ವಿಧಾನದಂತೆ ಪ್ರೋಟೀನು ತಯಾರಾಗುತ್ತದೆ. ನಕಲು ತೆಗೆಯುವ ಕ್ರಿಯೆಗೆ ಪ್ರತಿಲೇಖನವೆಂದು ಹೆಸರು. ಇಲ್ಲಿ ಲಿಪಿಕಾರನ ಕೆಲಸವನ್ನು ಮಾಡುವುದು ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವ. ಈ ಲಿಪಿಕಾರ ಶ್ರಮಜೀವಿ, ಆದರೆ ಯಾವ ಗರಿಯನ್ನು ನಕಲು ಮಾಡಬೇಕೆಂಬ ವಿವೇಚನೆ ಅವನಿಗಿಲ್ಲ. ಗರಿಯನ್ನು ತೆರೆದು, ಗುರುತಿಟ್ಟು, ‘ಇಲ್ಲಿಂದ ಬರೆ’ ಎಂದು ತೋರಿಸಲು ಬೇರೊಬ್ಬರು ಬೇಕು.

ಹೀಗೆ ತೋರಿಸುವವೂ ಪ್ರೋಟೀನುಗಳೇ. ಅವುಗಳನ್ನು ಪ್ರತಿಲೇಖನ ನಿಯಂತ್ರಕಗಳು ಅಥವಾ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಎನ್ನುತ್ತಾರೆ. ಇಂಥ ಪ್ರೋಟೀನಿನ ಒಂದು ಭಾಗಕ್ಕೆ, ಡಿ.ಎನ್.ಎ. ಬರಹದಲ್ಲಿ ಬರುವ ಕೆಲವೇ ಅಕ್ಷರಗಳ ಒಂದು ಗೊತ್ತಾದ ಸಾಲನ್ನು ಗುರುತಿಸಿ ಅಲ್ಲಿ ಅಂಟಿಕೊಳ್ಳುವ ಆಕಾರವಿರುತ್ತದೆ. ಮತ್ತೊಂದು ಭಾಗವು ಲಿಪಿಕಾರನನ್ನು ಕರೆಯುತ್ತದೆ, ಇಲ್ಲವೆ ತಡೆಯುತ್ತದೆ. ಕೆಲವು ನಿಯಂತ್ರಕಗಳು ಬಿಗಿಯಾದ ಕಟ್ಟನ್ನು ಸಡಿಲಿಸುವುದೂ ಉಂಟು. ಇಂಥ ನಿಯಂತ್ರಣದ ರೀತಿಯನ್ನು ಮೊದಲು ವಿವರಿಸಿದವರು ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. ಒಂದು ಬಗೆಯ ಬ್ಯಾಕ್ಟೀರಿಯವು ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವನ್ನು ಆ ಸಕ್ಕರೆ ಇದ್ದಾಗ ಮಾತ್ರ ಹೇರಳವಾಗಿ ತಯಾರಿಸುತ್ತದೆ, ಇಲ್ಲದಾಗ ಒಂದು ನಿಯಂತ್ರಕ ವಸ್ತುವು ಆ ವಂಶವಾಹಿಗಳ ಕೆಲಸವನ್ನು ತಡೆದಿರುತ್ತದೆ ಎಂದು ಅವರು 1961ರಲ್ಲಿ ತೋರಿಸಿದರು. ಮನುಷ್ಯನಲ್ಲಿ ಸುಮಾರು 1,600 ಪ್ರತಿಲೇಖನ ನಿಯಂತ್ರಕಗಳಿವೆಯೆಂದು ಈಗ ಅಂದಾಜು ಮಾಡಿದ್ದಾರೆ. ಯಾವ ಕೋಶದಲ್ಲಿ ಯಾವ ನಿಯಂತ್ರಕಗಳ ಕೂಟ ಸೇರಿದೆಯೋ ಅದರಂತೆ ಆ ಕೋಶದ ಓದು. ಓದಿನಂತೆ ಅದರ ರೂಪ ಮತ್ತು ಕೆಲಸ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಒಂದು ಆಕ್ಷೇಪವನ್ನು ಎತ್ತಬಹುದು. ನಿಯಂತ್ರಕಗಳೂ ಪ್ರೋಟೀನುಗಳೇ, ಅವುಗಳನ್ನು ತಯಾರಿಸಲೂ ವಂಶವಾಹಿಗಳನ್ನು ಓದಬೇಕು, ಆ ವಂಶವಾಹಿಗಳನ್ನು ಓದಿಸಲು ಮತ್ತೆ ಬೇರೆ ನಿಯಂತ್ರಕಗಳು ಬೇಕು. ಹಾಗಿದ್ದರೆ ಎಲ್ಲಕ್ಕೂ ಮೊದಲಿನ ಗುರುತನ್ನು ಇಟ್ಟವರು ಯಾರು? ಒಂದೇ ಕೋಶವಾಗಿದ್ದ ಭ್ರೂಣಕ್ಕೆ ತನ್ನ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಸಿದವರು ಯಾರು?

ಇದಕ್ಕೆ ಉತ್ತರ ದೊರೆತದ್ದು ಒಂದು ಕ್ಷುದ್ರವಾದ ನೊಣದಿಂದ. ಬಾಳೆಯ ಹಣ್ಣು ಕಳಿತಾಗ ಅದರ ಸುತ್ತ ಹಾರಾಡುವ, ಎಳ್ಳಿನ ಕಾಳಿನಷ್ಟಿರುವ ಹಣ್ಣುನೊಣವನ್ನು ಎಲ್ಲರೂ ಬಲ್ಲರು. ಡ್ರೊಸೊಫಿಲ ಎಂಬುದು ಇದರ ಶಾಸ್ತ್ರೀಯ ನಾಮ. ಸುಲಭವಾಗಿ ಸಾಕಬಹುದಾದ, ಹತ್ತು ಹನ್ನೆರಡು ದಿನಗಳಲ್ಲಿ ಒಂದು ತಲೆಮಾರು ಮುಗಿಯುವ ಈ ನೊಣವನ್ನು 1910ರ ಸುಮಾರಿನಿಂದ, ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಅವರ ಕಾಲದಿಂದ, ವಿಜ್ಞಾನಿಗಳು ವಂಶವಾಹಿಗಳ ಅಧ್ಯಯನಕ್ಕೆ ಬಳಸುತ್ತ ಬಂದಿದ್ದಾರೆ. ಇದರ ಮೊಟ್ಟೆಯ ಉದ್ದ ಅರ್ಧ ಮಿಲಿಮೀಟರು ಮಾತ್ರ. ಇಟ್ಟ ಮೂರು ಗಂಟೆಗಳ ಹೊತ್ತಿಗೆ ಅದರಲ್ಲಿ ಸುಮಾರು 6,000 ಕೋಶಗಳು ಸಿದ್ಧವಾಗಿರುತ್ತವೆ. ಒಂದು ದಿನದಲ್ಲಿ ಮರಿಹುಳು ಹೊರಬರುತ್ತದೆ. ಆ ಹುಳುವಿಗೆ ಮುಂದೆ ತಲೆ, ಆಮೇಲೆ ಎದೆಯ ಮೂರು ಖಂಡಗಳು, ಹೊಟ್ಟೆಯ ಎಂಟು ಖಂಡಗಳು ಕ್ರಮವಾಗಿ ಇರುತ್ತವೆ.

ಈ ಕ್ರಮವನ್ನು ಏರ್ಪಡಿಸುವ ವಂಶವಾಹಿಗಳು ಯಾವುವು? ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಟ್ ಎಂಬ ಮಹಿಳೆ ಹಾಗೂ ಎರಿಕ್ ವೀಶೌಸ್ ಎಂಬುವರು ಅವುಗಳನ್ನೆಲ್ಲ ಹುಡುಕಿ ತೆಗೆಯುವ ಸಾಹಸಕ್ಕೆ ಕೈಹಾಕಿದರು. ಯಂತ್ರವೊಂದರ ಒಂದೊಂದೇ ಬಿಡಿಭಾಗವನ್ನು ಕಳಚಿ, ಏನು ಕೆಡುತ್ತದೆ ಎಂದು ನೋಡಿ, ಆ ಭಾಗದ ಉಪಯೋಗವನ್ನು ತಿಳಿಯುವಂಥ ಕ್ರಮ ಅವರದು. ರಾಸಾಯನಿಕ ವಸ್ತುವಿನಿಂದ ನೊಣಗಳ ವಂಶವಾಹಿಗಳನ್ನು ಕೆಡಿಸಿ, ಮುಂದಿನ ತಲೆಮಾರುಗಳ ಸಾವಿರಾರು ಭ್ರೂಣಗಳನ್ನು ಇಬ್ಬರು ಒಟ್ಟಿಗೆ ನೋಡಬಹುದಾದ ಒಂದೇ ಸೂಕ್ಷ್ಮದರ್ಶಕದ ಎದುರು ಕುಳಿತು ಪರೀಕ್ಷಿಸಿದರು. ಕೆಲವು ಭ್ರೂಣಗಳಲ್ಲಿ ನಡುವಿನ ಖಂಡಗಳೇ ಇರಲಿಲ್ಲ. ಕೆಲವುಗಳಲ್ಲಿ ಒಂದು ಬಿಟ್ಟು ಒಂದು ಖಂಡ ಮಾಯವಾಗಿತ್ತು. ಅವರ ಮೊದಲ ವರದಿ 1980ರಲ್ಲಿ ಪ್ರಕಟವಾಯಿತು. ಭ್ರೂಣದ ವಿನ್ಯಾಸವನ್ನು ನಿರ್ಧರಿಸುವ ವಂಶವಾಹಿಗಳ ಸಂಖ್ಯೆ ಎಣಿಕೆಗೆ ಸಿಗುವಷ್ಟೇ ಇದೆ, ಸುಮಾರು ನೂರಿಪ್ಪತ್ತು, ಎಂದು ಈ ಶೋಧನೆಯಿಂದ ತಿಳಿಯಿತು. ಅವುಗಳಲ್ಲಿ ಅನೇಕವು ಪ್ರತಿಲೇಖನ ನಿಯಂತ್ರಕಗಳನ್ನು ತಯಾರಿಸುವಂಥವೆಂದು ಮುಂದೆ ಗೊತ್ತಾಯಿತು.

ಆ ಬಳಿಕ ಟ್ಯೂಬಿಂಗೆನ್ ನಗರದಲ್ಲಿ ನ್ಯೂಸ್ಲೈನ್-ಫೋಲ್ಹಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಬಗೆಯ ವಂಶವಾಹಿಗಳನ್ನು ಹಿಂಬಾಲಿಸಿದರು. ಇವು ಕೆಟ್ಟಿದ್ದರೆ ಆ ನೊಣಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ಅದು ತಾಯಿಯಾಗಿ ಇಟ್ಟ ಮೊಟ್ಟೆಗಳಲ್ಲಿ ಭ್ರೂಣಗಳು ವಿಕಾರಗೊಳ್ಳುತ್ತವೆ. ಅಂಥ ಒಂದು ವಂಶವಾಹಿಯ ಹೆಸರು ‘ಬೈಕಾಯ್ಡ್’. ಇದು ಕೆಟ್ಟಿರುವ ತಾಯಿಯ ಮೊಟ್ಟೆಗಳಲ್ಲಿ ಭ್ರೂಣಕ್ಕೆ ತಲೆಯೂ ಇಲ್ಲ, ಎದೆಯೂ ಇಲ್ಲ. ತಲೆಯಿರಬೇಕಾದ ಕಡೆ ಬಾಲದ ಭಾಗವೇ ಮೂಡುತ್ತದೆ. ಭ್ರೂಣದ ಸ್ವಂತ ವಂಶವಾಹಿ, ತಂದೆಯಿಂದ ಬಂದದ್ದು, ಸರಿಯಾಗಿದ್ದರೂ ಪ್ರಯೋಜನವಿಲ್ಲ. ಆರೋಗ್ಯವಂತ ಮೊಟ್ಟೆಯೊಂದರ ಮುಂತುದಿಯಿಂದ ಒಂದಿಷ್ಟು ರಸವನ್ನು ತೆಗೆದು ಇಂಥ ಮೊಟ್ಟೆಗೆ ಚುಚ್ಚಿದಾಗ ತಲೆಯ ಭಾಗಗಳು ಮೂಡಿದವು. ಅದೇ ರಸವನ್ನು ಮೊಟ್ಟೆಯ ನಡುವಿಗೆ ಚುಚ್ಚಿದರೆ, ತಲೆಯ ಭಾಗಗಳು ನಡುವಿನಲ್ಲಿಯೇ ಮೂಡಿದವು!

ಆ ರಸದಲ್ಲಿದ್ದುದೇನು? ತಾಯಿನೊಣವು ಮೊಟ್ಟೆಯನ್ನು ಸಿದ್ಧಪಡಿಸುವಾಗಲೇ ಬೈಕಾಯ್ಡ್ ವಂಶವಾಹಿಯ ನಕಲುಗಳನ್ನು, ಎಂದರೆ ಆರ್.ಎನ್.ಎ.ಯನ್ನು, ಮೊಟ್ಟೆಯ ಮುಂತುದಿಯಲ್ಲಿ ಕಟ್ಟಿಹಾಕಿದಂತೆ ಇಟ್ಟಿರುತ್ತದೆ. ಮೊಟ್ಟೆ ಹೊರಬಿದ್ದ ಮೇಲೆ ಈ ನಕಲುಗಳಿಂದ ಬೈಕಾಯ್ಡ್ ಪ್ರೋಟೀನು ತಯಾರಾಗಿ ಹಿಂದಕ್ಕೆ ಹರಡತೊಡಗುತ್ತದೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿಟ್ಟರೆ ಅದರ ಪರಿಮಳ ಅಲ್ಲಿ ಗಾಢವಾಗಿರುತ್ತದೆ, ಪಡಸಾಲೆಯಲ್ಲಿ ಸಾಧಾರಣವಾಗಿರುತ್ತದೆ, ಜಗುಲಿಗೆ ಬರುವ ವೇಳೆಗೆ ತೀರ ತೆಳುವಾಗುತ್ತದೆ. ಕಣ್ಣು ಕಟ್ಟಿ ಬಿಟ್ಟವನೂ ಪರಿಮಳದ ಸಾಂದ್ರತೆಯಿಂದಲೇ ತಾನು ಮನೆಯ ಯಾವ ಭಾಗದಲ್ಲಿದ್ದೇನೆಂದು ಹೇಳಬಲ್ಲ. ಹಣ್ಣುನೊಣದ ಭ್ರೂಣದಲ್ಲಿ ಆಗುವುದೂ ಹೀಗೆಯೇ. ಆರಂಭದಲ್ಲಿ ಕೋಶಗಳ ನಡುವೆ ಗೋಡೆಗಳಿರುವುದಿಲ್ಲ; ಕೋಶಕೇಂದ್ರಗಳು ಮಾತ್ರ ಒಡೆದು ಒಡೆದು ಹೆಚ್ಚುತ್ತಿರುತ್ತವೆ. ಆದ್ದರಿಂದ ಪ್ರೋಟೀನು ತಡೆಯಿಲ್ಲದೆ ಹರಡುತ್ತದೆ. ಮುಂತುದಿಯ ಕೋಶಕೇಂದ್ರಕ್ಕೆ ಬೈಕಾಯ್ಡ್ ಹೇರಳವಾಗಿ ದೊರೆಯುತ್ತದೆ, ನಡುವಿನದಕ್ಕೆ ಸ್ವಲ್ಪ, ಹಿಂತುದಿಯದಕ್ಕೆ ಇಲ್ಲವೆನ್ನುವಷ್ಟು. ಜೀವಕೋಶಗಳು ಹೀಗೆ ಸಾಂದ್ರತೆಯಿಂದ ತಮ್ಮ ಸ್ಥಾನವನ್ನು ತಿಳಿಯಬಹುದೆಂದು ಬ್ರಿಟನ್ನಿನ ಲೂಯಿಸ್ ವೋಲ್ಪರ್ಟ್ 1969ರಲ್ಲಿಯೇ ವಾದಿಸಿದ್ದರು. ವೋಲ್ಫ್‌ಗಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಟ್ 1988ರಲ್ಲಿ ಬೈಕಾಯ್ಡ್ ಪ್ರೋಟೀನಿನ ಈ ಇಳಿಜಾರನ್ನು ಪ್ರತ್ಯಕ್ಷವಾಗಿ ತೋರಿಸಿಕೊಟ್ಟರು. ತಾಯಿಯಲ್ಲಿ ಬೈಕಾಯ್ಡ್ ವಂಶವಾಹಿಯ ಪ್ರತಿಗಳನ್ನು ಹೆಚ್ಚಿಸಿದಾಗ, ಭ್ರೂಣದ ತಲೆಯ ಎಲ್ಲೆ ಹಿಂದಕ್ಕೆ ಸರಿಯಿತು. ಕಡಿಮೆ ಮಾಡಿದಾಗ ಮುಂದಕ್ಕೆ ಸರಿಯಿತು.

ಬೈಕಾಯ್ಡ್ ಒಂದು ಪ್ರತಿಲೇಖನ ನಿಯಂತ್ರಕ. ಅದು ಸಾಕಷ್ಟು ಪ್ರಮಾಣದಲ್ಲಿರುವ ಮುಂದಿನ ಅರ್ಧದಲ್ಲಿ ‘ಹಂಚ್‌ಬ್ಯಾಕ್’ ಎಂಬ ಇನ್ನೊಂದು ವಂಶವಾಹಿಯನ್ನು ಓದಿಸುತ್ತದೆ. ಹಿಂದಿನ ಅರ್ಧದಲ್ಲಿ ಓದಿಸಲಾರದು. ಹಂಚ್‌ಬ್ಯಾಕ್ ಪ್ರೋಟೀನೂ ನಿಯಂತ್ರಕವೇ. ಅದು ಮತ್ತೆ ಕೆಲವು ವಂಶವಾಹಿಗಳನ್ನು ಓದಿಸುತ್ತದೆ, ಕೆಲವನ್ನು ತಡೆಯುತ್ತದೆ. ಹೀಗೆ ದೀಪದಿಂದ ದೀಪ ಹೊತ್ತಿಕೊಂಡಂತೆ ಆಜ್ಞೆ ಮುಂದುವರಿಯುತ್ತದೆ. ಮೂರು ಗಂಟೆಗಳ ಹೊತ್ತಿಗೆ, ‘ಈವನ್-ಸ್ಕಿಪ್ಡ್’ ಎಂಬ ವಂಶವಾಹಿಯನ್ನು ಓದುತ್ತಿರುವ ಕೋಶಗಳು ಭ್ರೂಣದ ಸುತ್ತ ಏಳು ಪಟ್ಟೆಗಳಾಗಿ ನಿಂತಿರುತ್ತವೆ. ಇವುಗಳಲ್ಲಿ ಎರಡನೆಯ ಪಟ್ಟೆಯ ನಿರ್ಣಯವಾಗುವ ಬಗೆ ಬಹು ಸ್ವಾರಸ್ಯಕರವಾದುದು. ಅಲ್ಲಿ ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಎರಡೂ ‘ಓದು’ ಎನ್ನುತ್ತವೆ. ಆದರೆ ಪಟ್ಟೆಯ ಮುಂದುಗಡೆ ‘ಜೈಂಟ್’ ಎಂಬ ನಿಯಂತ್ರಕ, ಹಿಂದುಗಡೆ ‘ಕ್ರ್ಯುಪ್ಪೆಲ್’ ಎಂಬ ನಿಯಂತ್ರಕ ‘ಓದಬೇಡ’ ಎಂದು ತಡೆಯುತ್ತವೆ. ಒಪ್ಪುವ ಇಬ್ಬರೂ ಇರುವ, ತಡೆಯುವ ಇಬ್ಬರೂ ಇಲ್ಲದ ಕಿರಿದಾದ ಜಾಗದಲ್ಲಿ ಮಾತ್ರ ಪಟ್ಟೆ ಮೂಡುತ್ತದೆ. ಎಲ್ಲಿಯೂ ಶಿಲ್ಪಿಯಿಲ್ಲ, ನಕ್ಷೆ ಹಿಡಿದು ನಿಂತ ಮೇಸ್ತ್ರಿಯಿಲ್ಲ. ಪ್ರತಿಯೊಂದು ಕೋಶವೂ ತನ್ನಲ್ಲಿ ಯಾವ ನಿಯಂತ್ರಕ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಅಷ್ಟರಿಂದಲೇ ದೇಹದ ವಿನ್ಯಾಸ ಸಿದ್ಧವಾಗುತ್ತದೆ. ಈ ಸಂಶೋಧನೆಗಳಿಗಾಗಿ 1995ರಲ್ಲಿ ನ್ಯೂಸ್ಲೈನ್-ಫೋಲ್ಹಾರ್ಟ್ ಮತ್ತು ವೀಶೌಸ್ ಅವರಿಗೆ, ಹಣ್ಣುನೊಣವನ್ನೇ ಅಭ್ಯಸಿಸಿದ ಅಮೆರಿಕದ ಎಡ್ವರ್ಡ್ ಲೂಯಿಸ್ ಅವರೊಂದಿಗೆ, ನೊಬೆಲ್ ಪಾರಿತೋಷಕ ದೊರೆಯಿತು.

ನೊಣದ ಸಂಗತಿಯನ್ನು ತಿಳಿದು ಮನುಷ್ಯನಿಗೆ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಬೈಕಾಯ್ಡ್ ನಮ್ಮಲ್ಲಿ ಇಲ್ಲ, ನಿಜ. ಆದರೆ ತತ್ತ್ವ ಒಂದೇ. ನಮ್ಮ ಬಾಳಿನ ಮೊದಲ ಒಂದೆರಡು ದಿನಗಳಲ್ಲಿ ಭ್ರೂಣವು ಹೆಚ್ಚಾಗಿ ತಾಯಿ ಅಂಡದಲ್ಲಿ ಇಟ್ಟ ಬುತ್ತಿಯನ್ನೇ, ಎಂದರೆ ಅಲ್ಲಿದ್ದ ಆರ್.ಎನ್.ಎ. ಮತ್ತು ಪ್ರೋಟೀನುಗಳನ್ನೇ ನೆಚ್ಚಿರುತ್ತದೆ. ನಾಲ್ಕರಿಂದ ಎಂಟು ಕೋಶಗಳಾಗುವ ವೇಳೆಗೆ, ಸುಮಾರು ಮೂರನೆಯ ದಿನ, ಅದು ತನ್ನ ಗ್ರಂಥವನ್ನು ತಾನೇ ಪೂರ್ಣವಾಗಿ ಓದಲು ತೊಡಗುತ್ತದೆ. ಆಮೇಲೆ ಬರುವ ಮೊದಲ ಕವಲನ್ನು ಇಲಿಯ ಭ್ರೂಣದಲ್ಲಿ ಚೆನ್ನಾಗಿ ಅಭ್ಯಸಿಸಿದ್ದಾರೆ. ಹೊರಗಡೆಯ ಕೋಶಗಳಲ್ಲಿ ‘ಸಿ.ಡಿ.ಎಕ್ಸ್.-2’ ಎಂಬ ನಿಯಂತ್ರಕ ಪ್ರಬಲವಾಗುತ್ತದೆ. ಅವುಗಳಿಂದ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡು ಆಹಾರ ತರುವ ಮಾಸು ಉಂಟಾಗುತ್ತದೆ. ಒಳಗಡೆಯ ಕೋಶಗಳಲ್ಲಿ ‘ಆಕ್ಟ್-4’ ಎಂಬ ನಿಯಂತ್ರಕ ಉಳಿಯುತ್ತದೆ. ಅವುಗಳಿಂದ ದೇಹವೇ ರೂಪುಗೊಳ್ಳುತ್ತದೆ.

ನೊಣಕ್ಕೂ ನಮಗೂ ಇರುವ ನಂಟು ಇದಕ್ಕಿಂತಲೂ ನಿಕಟವಾದುದೆಂಬುದನ್ನು ಸ್ವಿಟ್ಜರ್ಲೆಂಡಿನ ವಾಲ್ಟರ್ ಗೇರಿಂಗ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತೋರಿಸುತ್ತದೆ. ನೊಣದಲ್ಲಿ ಕಣ್ಣಿನ ರಚನೆಗೆ ಬೇಕಾದ ನಿಯಂತ್ರಕವೊಂದರ ವಂಶವಾಹಿಯನ್ನು ಅವರು ಕಾಲು, ರೆಕ್ಕೆಗಳು ಮೂಡಬೇಕಾದ ಕೋಶಗಳಲ್ಲಿ ಓದಿಸಿದರು. ಆ ನೊಣಗಳ ಕಾಲಿನ ಮೇಲೆ, ರೆಕ್ಕೆಯ ಮೇಲೆ ಕಣ್ಣುಗಳು ಮೂಡಿದವು. ಬಳಿಕ ಇಲಿಯಲ್ಲಿರುವ ಇದೇ ಬಗೆಯ ‘ಪ್ಯಾಕ್ಸ್-6’ ವಂಶವಾಹಿಯನ್ನು ನೊಣದಲ್ಲಿರಿಸಿದಾಗಲೂ ಕಣ್ಣು ಮೂಡಿತು. ಅದು ಇಲಿಯ ಕಣ್ಣಲ್ಲ, ನೊಣದ ಕಣ್ಣೇ! ಮನುಷ್ಯರಲ್ಲಿ ಈ ವಂಶವಾಹಿಯ ಎರಡು ಪ್ರತಿಗಳ ಪೈಕಿ ಒಂದು ಕೆಟ್ಟಿದ್ದರೂ ಕಣ್ಣಿನ ಪಾಪೆಯನ್ನು ಸುತ್ತುವರಿದ ಬಣ್ಣದ ಪೊರೆ ಸರಿಯಾಗಿ ಬೆಳೆಯದೆ ಮಗುವಿನ ದೃಷ್ಟಿ ಮಂದವಾಗಬಹುದು. ನಿಯಂತ್ರಕಗಳ ಕೆಲಸದಲ್ಲಿ ಆಗುವ ಸಣ್ಣ ಲೋಪವೂ ಒಂದು ಜೀವದ ಬಾಳನ್ನೇ ಬದಲಿಸಬಲ್ಲದು.

ಲೋಪವ‌ನ್ನುಂಟುಮಾಡುವ ಶಕ್ತಿಯುಳ್ಳದ್ದಕ್ಕೆ ದುರಸ್ತಿ ಮಾಡುವ ಶಕ್ತಿಯೂ ಇರಬಹುದಲ್ಲವೆ? ಗರ್ಡನ್ ಅವರ ಕಪ್ಪೆಯ ಮೊಟ್ಟೆಯಲ್ಲಿ ಮುಚ್ಚಿದ ಗರಿಗಳನ್ನು ತೆರೆದ ವಸ್ತುವಿನ ಪ್ರಶ್ನೆಯನ್ನು ಜಪಾನಿನ ಶಿನ್ಯಾ ಯಮನಾಕ ಮತ್ತೆ ಕೈಗೆತ್ತಿಕೊಂಡರು. ಅವರೂ ಅವರ ಸಹಾಯಕರಾದ ಕಜುತೋಶಿ ತಾಕಾಹಾಶಿಯವರೂ ಭ್ರೂಣದ ಕೋಶಗಳಲ್ಲಿ ಮುಖ್ಯವೆಂದು ತೋರಿದ 24 ವಂಶವಾಹಿಗಳನ್ನು ಆರಿಸಿ, ಒಂದೊಂದಾಗಿ ಬಿಡುತ್ತ ಪರೀಕ್ಷಿಸಿ, ಕಡೆಗೆ ನಾಲ್ಕೇ ಸಾಕೆಂದು ಕಂಡುಕೊಂಡರು. ಆ ನಾಲ್ಕೂ ಪ್ರತಿಲೇಖನ ನಿಯಂತ್ರಕಗಳವು. ಅವುಗಳಲ್ಲಿ ಮೇಲೆ ಹೇಳಿದ ಆಕ್ಟ್-4 ಕೂಡ ಒಂದು. ಇಲಿಯ ಸಾಧಾರಣ ಚರ್ಮದ ಕೋಶಗಳಲ್ಲಿ ಈ ನಾಲ್ಕನ್ನು ಇರಿಸಿದಾಗ ಅವುಗಳಲ್ಲಿ ಕೆಲವು ತಮ್ಮ ಚರ್ಮತನವನ್ನು ಮರೆತು, ಭ್ರೂಣದ ಎಳೆಯ ಕೋಶಗಳಂತಾದವು. ಬೇಕಾದ ಅಂಗಾಂಶವಾಗಿ ಬೆಳೆಯುವ ಶಕ್ತಿಯನ್ನು ಮರಳಿ ಪಡೆದವು. ಇದು 2006ರಲ್ಲಿ. ಮರುವರ್ಷ ಮನುಷ್ಯನ ಕೋಶಗಳಲ್ಲಿಯೂ ಇದು ಸಾಧ್ಯವಾಯಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. 2014ರಲ್ಲಿ ಜಪಾನಿನ ಕೋಬೆ ನಗರದಲ್ಲಿ, ದೃಷ್ಟಿ ಕುಂದಿದ್ದ ವೃದ್ಧೆಯೊಬ್ಬರ ಚರ್ಮದ ಕೋಶಗಳನ್ನೇ ಹೀಗೆ ಬದಲಿಸಿ, ಅವುಗಳಿಂದ ಬೆಳೆಸಿದ ಕೋಶಪದರವನ್ನು ಅವರ ಕಣ್ಣಿನಲ್ಲಿ ಇರಿಸಿದರು. ಈ ಹಾದಿಯಲ್ಲಿ ಎಚ್ಚರಿಕೆಯೂ ಅಗತ್ಯ. ಯಮನಾಕ ಬಳಸಿದ ನಾಲ್ಕರಲ್ಲಿ ಒಂದು ನಿಯಂತ್ರಕಕ್ಕೆ ಕ್ಯಾನ್ಸರಿನೊಡನೆ ಸಂಬಂಧವುಂಟು. ತಪ್ಪು ಹೊತ್ತಿನಲ್ಲಿ ತೆರೆದ ಗರಿಯಿಂದ ಕೇಡೂ ಆಗಬಹುದು.

ಮೊಟ್ಟೆಯೊಳಗೆ ಕಣ್ಣು, ಕೊಕ್ಕು, ಕಾಲುಗಳು ಎಲ್ಲಿದ್ದವು ಎಂದು ನಾವು ಆರಂಭದಲ್ಲಿ ಕೇಳಿದೆವು. ಅವು ಎಲ್ಲಿಯೂ ಇರಲಿಲ್ಲ. ಇದ್ದುದು ಒಂದು ಗ್ರಂಥ. ಮತ್ತು ಅದನ್ನು ಯಾವ ಗರಿಯಿಂದ ಓದತೊಡಗಬೇಕೆಂದು ತಾಯಿ ಇಟ್ಟ ಕೆಲವು ಗುರುತುಗಳು. ಗುರುತಿನಿಂದ ಓದು, ಓದಿನಿಂದ ಹೊಸ ಗುರುತು, ಅದರಿಂದ ಮತ್ತೆ ಓದು. ಈ ಸರಪಣಿಯಿಂದಲೇ ಕೋಳಿಯ ಮರಿಯೂ ಆಯಿತು, ನೊಣವೂ ಆಯಿತು, ಈ ಪಾಠವನ್ನು ಓದುತ್ತಿರುವ ಕಣ್ಣೂ ಆಯಿತು. ನಮ್ಮ ಅಂಗೈಯ ಚರ್ಮದ ಒಂದೊಂದು ಸಜೀವ ಕೋಶದಲ್ಲಿಯೂ ಆ ಗ್ರಂಥ ಇಂದಿಗೂ ಇಡಿಯಾಗಿ ಇದೆ. ಅದರ ಬಹುಪಾಲು ಗರಿಗಳು ಮುಚ್ಚಿವೆ, ಹರಿದಿಲ್ಲ.